ಹೆಚ್‌ಎಫ್ ಮಷೀನ್ ಮುಂದೆ ಕೂರುವವರನ್ನು ಕಾಪಾಡುವುದು ಹೇಗೆ?

ಪೀಣ್ಯದಲ್ಲಿ ನಮ್ಮ ಶೆಡ್ಡಿನ ಎದುರು ಮೊಬೈಲ್ ಟವರ್ ಎದ್ದಾಗ ಆಪರೇಟರ್‌ಗಳೆಲ್ಲ ಸೇರಿ ತಕರಾರು ಅರ್ಜಿ ಬರೆದರು. ಸಹಿ ಹಾಕಿದವರೆಲ್ಲ ದಿನಕ್ಕೆ ಎಂಟು ಗಂಟೆ ಹೆಚ್‌ಎಫ್ (ಹೈ ಫ್ರೀಕ್ವೆನ್ಸಿ) ವೆಲ್ಡಿಂಗ್ ಮಷೀನಿಂದ ಒಂದೂವರೆ ಅಡಿ ದೂರ ಕೂರುವವರೇ! ಮೊದಲು ನಗು ಬಂತು, ಆಮೇಲೆ ನಾಚಿಕೆ. ಅವರಿಗೆ ಮಷೀನಿನ ವಿಷಯ ಹೇಳಬೇಕಾಗಿದ್ದ ಸೇಫ್ಟಿ ಆಫೀಸರ್ ನಾನೇ ಅಲ್ವಾ?

ರೇನ್‌ಕೋಟ್, ಫೈಲ್ ಫೋಲ್ಡರ್, ರಕ್ತದ ಚೀಲ ಇವೆಲ್ಲ ಈ ಮಷೀನಿನಲ್ಲೇ ಅಂಟುವುದು. ಎರಡು ಪಿವಿಸಿ ಹಾಳೆಗಳನ್ನು ಡೈ (ಲೋಹದ ಅಚ್ಚು) ಕೆಳಗಿಟ್ಟು ಪೆಡಲ್ ಒತ್ತಿದರೆ, ಸಾಮಾನ್ಯವಾಗಿ 27.12 ಮೆಗಾಹರ್ಟ್ಸ್‌ನ ರೇಡಿಯೋ ಶಕ್ತಿ ಪ್ಲಾಸ್ಟಿಕ್ಕನ್ನು ಒಳಗಿಂದಲೇ ಬಿಸಿ ಮಾಡುತ್ತದೆ. ಆಚೀಚೆ ಸೋರಿದ್ದು ಕೂತವರ ಮೈಯನ್ನೂ ಹಾಗೇ ಬಿಸಿ ಮಾಡುತ್ತದೆ. ಇದು ಎಕ್ಸ್‌ರೇ ಅಲ್ಲ. ಹಾಗಾಗಿ ಎಕ್ಸ್‌ರೇ ಕೋಣೆಯವರು ತೊಡುವ ಫಿಲ್ಮ್ ಬ್ಯಾಡ್ಜ್, ಸೀಸದ ಏಪ್ರನ್ ಇಲ್ಲಿ ದಂಡ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ನಿಯೋಶ್ ಮತ್ತು ಓಶಾ ಸಂಸ್ಥೆಗಳು ಈ ಮಷೀನುಗಳ ಬಗ್ಗೆ 1979ರಲ್ಲೇ ಜಂಟಿಯಾಗಿ ಎಚ್ಚರಿಕೆ ಕೊಟ್ಟಿದ್ದವು.

ಮೊದಲು ಒಂದು ಹಳೆಯ ಟ್ಯೂಬ್‌ಲೈಟ್ ತಗೊಳ್ಳಿ. ವೈರ್ ಏನೂ ಬೇಡ. ಆಪರೇಟರ್ ಪೆಡಲ್ ಒತ್ತಿದಾಗ, ಒಣಗಿದ ಮರದ ಕೋಲಿಗೆ ಕಟ್ಟಿದ ಆ ಟ್ಯೂಬನ್ನು ಮಷೀನಿನ ಸುತ್ತ ಆಡಿಸಿ. ಸೋರಿಕೆ ಜಾಸ್ತಿ ಇರುವ ಕಡೆ ಅದು ತಾನಾಗಿ ಮಿಣುಕುತ್ತದೆ. ನಮ್ಮ ಹುಡುಗರು ಇದನ್ನು ಹೊಸಬರಿಗೆ ಜಾದೂ ಅಂತ ತೋರಿಸುತ್ತಿದ್ದರು. ಸುಮ್ನೆ ಜಾದೂ ಅಲ್ಲ, ಅದು ದೂರು. ಆದರೆ ಟ್ಯೂಬ್ ಹೊತ್ತಲಿಲ್ಲ ಅಂದ ಮಾತ್ರಕ್ಕೆ ಸುರಕ್ಷಿತ ಅಂತ ಬರೆದುಕೊಳ್ಳಬೇಡಿ. ಅದು ಮೀಟರ್ ಅಲ್ಲ.

ಮೀಟರ್ ತರಿಸುವ ಮುಂಚೆ ಮಷೀನ್ ಸರಿಮಾಡಿ. ನಾನು ಕಂಡ ಸೋರಿಕೆಯಲ್ಲಿ ಮುಕ್ಕಾಲು ಪಾಲು ಎರಡೇ ಕಾರಣಕ್ಕೆ: ಬಿಚ್ಚಿಟ್ಟ ಶೀಲ್ಡು, ಸಡಿಲವಾದ ತಾಮ್ರದ ಪಟ್ಟಿ. ಡೈ ಸುತ್ತ ಅಲ್ಯೂಮಿನಿಯಂ ಶೀಟಿನ ಶೀಲ್ಡ್ ಇರುತ್ತದೆ. ಡೈ ಬದಲಿಸುವಾಗ ಫಿಟ್ಟರ್ ಅದನ್ನು ಬಿಚ್ಚಿ ಗೋಡೆಗೆ ಒರಗಿಸುತ್ತಾನೆ. ಅಲ್ಲೇ ಉಳಿಯುತ್ತದೆ, ತಿಂಗಳುಗಟ್ಟಲೆ. ಶೀಲ್ಡ್ ಇಲ್ಲದೆ ಮಷೀನ್ ಚಾಲೂ ಆಗದಂತೆ ಇಂಟರ್‌ಲಾಕ್ ಹಾಕಿಸಿ. ಆ ಇಂಟರ್‌ಲಾಕಿಗೆ ವೈರ್ ಸುತ್ತಿ ಬೈಪಾಸ್ ಮಾಡಿದ್ದಾರಾ ಅಂತ ಆಗಾಗ ಬಗ್ಗಿ ನೋಡಿ. ಮಾಡಿರುತ್ತಾರೆ.

ಪಟ್ಟಿಯ ಕಥೆ ಸ್ವಲ್ಪ ಹೇಳಬೇಕು. ಒಂದು ಮಷೀನಿನಲ್ಲಿ ಮೇಲಿನ ಶೀಲ್ಡನ್ನು ಮಷೀನಿನ ಲೋಹದ ಮೈಗೆ ಸೇರಿಸುವ ಅಗಲವಾದ ತಾಮ್ರದ ಪಟ್ಟಿ ತುಂಡಾಗಿತ್ತು. ಫಿಟ್ಟರ್ ಅದರ ಜಾಗಕ್ಕೆ ಒಂದು ಮೀಟರ್ ಉದ್ದದ ಹಸಿರು ಆರ್ಥ್ ವೈರ್ ಬಿಗಿದಿದ್ದ. ಮಲ್ಟಿಮೀಟರ್ ಇಟ್ಟರೆ ಸೊನ್ನೆ ಓಮ್, 'ಸರಿಯಾಗಿದೆ ಸಾರ್' ಅಂದ. ಮಲ್ಟಿಮೀಟರಿಗೆ ಸರಿ. ಆದರೆ 27 ಮೆಗಾಹರ್ಟ್ಸ್‌ಗೆ ಅಷ್ಟುದ್ದದ ಸಣ್ಣ ವೈರ್ ನೂರು ಓಮ್‌ಗೂ ಮೀರಿದ ತಡೆ. ಆ ಶೀಲ್ಡನ್ನು ಮುಟ್ಟಿದ ನನ್ನ ತೋರುಬೆರಳು ಸುಟ್ಟಿತು. ಮೇಲೆ ಸಾಸಿವೆಯಷ್ಟು ಬಿಳಿ ಚುಕ್ಕೆ, ಒಳಗೆ ಆಳ. ಮಾಯಲು ಮೂರು ವಾರ ಬೇಕಾಯಿತು. ಪಟ್ಟಿ ಅಗಲವಾಗಿರಲಿ, ಗಿಡ್ಡವಾಗಿರಲಿ, ಬೋಲ್ಟ್ ಕೂರುವ ಕಡೆ ಬಣ್ಣ ಕೆರೆದಿರಲಿ. ಅಷ್ಟೇ.

ಆಮೇಲೆ ಕೂರುವ ಜಾಗ ನೋಡಿ. 'ಅಣ್ಣಾ, ಪೆಡಲ್ ಒತ್ತಿದಾಗೆಲ್ಲ ಪಾದದ ಗಂಟು ಬೆಚ್ಚಗಾಗತ್ತೆ' ಅಂತ ಒಬ್ಬ ಅಕ್ಕ ಹೇಳಿದ್ದರು. ವಾತ ಇರಬೇಕು ಅಂತ ಸೂಪರ್‌ವೈಸರ್ ತಳ್ಳಿಹಾಕಿದ್ದ. ವಾತ ಅಲ್ಲ. ಮೈಯಲ್ಲಿ ಹುಟ್ಟಿದ ಕರೆಂಟ್ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಪಾದದ ಗಂಟು ಸಣ್ಣದು, ಬಹುಪಾಲು ಮೂಳೆ ಮತ್ತು ಸ್ನಾಯುರಜ್ಜು, ಅಲ್ಲಿ ಬಿಸಿ ಜಾಸ್ತಿ. ಕಬ್ಬಿಣದ ಸ್ಟೂಲ್ ತೆಗೆದು ಮರದ್ದು ಕೊಟ್ಟೆವು. ಕಾಲ ಕೆಳಗೆ ಅರ್ಧ ಅಡಿ ಎತ್ತರದ ಮರದ ಮಣೆ ಇಟ್ಟೆವು. ಅಕ್ಕನ ಕಾಲು ತಣ್ಣಗಾಯಿತು. ಪೆಡಲ್ ಬದಲು ಎರಡು ಕೈಗೂ ಒಂದೊಂದು ಬಟನ್ ಹಾಕಿ ದೂರದಲ್ಲಿಟ್ಟರೆ ಇನ್ನೂ ಒಳ್ಳೆಯದು. ಡೈ ಕೆಳಗೆ ಕೈ ಸಿಗುವ ಭಯವೂ ಹೋಗುತ್ತದೆ.

ಈಗ ಅಳತೆ. 27 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 11 ಮೀಟರ್. ಆಪರೇಟರ್ ಕೂರುವುದು ಅದಕ್ಕಿಂತ ಎಷ್ಟೋ ಹತ್ತಿರ. ಅಷ್ಟು ಹತ್ತಿರದಲ್ಲಿ ಒಂದರಿಂದ ಇನ್ನೊಂದನ್ನು ಲೆಕ್ಕ ಹಾಕಲಾಗದು, ವಿದ್ಯುತ್ ಕ್ಷೇತ್ರ, ಕಾಂತ ಕ್ಷೇತ್ರ ಎರಡನ್ನೂ ಬೇರೆಬೇರೆ ಪ್ರೋಬಿನಿಂದ ಅಳೆಯಬೇಕು. ಟವರ್ ಅಳೆಯುವ ಮೀಟರ್ ತಂದು ಒಂದು ಅಂಕಿ ಬರೆದುಕೊಟ್ಟು ಹೋಗುವವರನ್ನು ಬಾಗಿಲಲ್ಲೇ ಕಳಿಸಿ. ಆಪರೇಟರನ್ನು ಪಕ್ಕಕ್ಕೆ ಸರಿಸಿ, ಅವರ ಕಣ್ಣು, ಎದೆ, ಸೊಂಟ, ಮೊಣಕಾಲು, ಪಾದ ಇರುವ ಎತ್ತರಗಳಲ್ಲಿ ಅಳೆಸಿ. ಕಾಲಿನ ಕರೆಂಟ್ ಮಾತ್ರ ಅವರು ಕೂತಿರುವಾಗಲೇ ಅಳೆಯಬೇಕು.

ಹೋಲಿಸಲು ನಾನು ಇಟ್ಟುಕೊಂಡಿರುವುದು ಇಂಥ ವಿಕಿರಣಕ್ಕೆ ಮಿತಿ ಸೂಚಿಸುವ ಅಂತರರಾಷ್ಟ್ರೀಯ ಆಯೋಗವಾದ ಐಸಿಎನ್‌ಐಆರ್‌ಪಿಯ 1998ರ ಮಿತಿಗಳು. ಕೆಲಸಗಾರರಿಗೆ ವಿದ್ಯುತ್ ಕ್ಷೇತ್ರ ಪ್ರತಿ ಮೀಟರ್ ಉದ್ದಕ್ಕೆ 61 ವೋಲ್ಟ್, 6 ನಿಮಿಷದ ಸರಾಸರಿ. ಕೈಕಾಲಿನ ಕರೆಂಟ್ 100 ಮಿಲಿಆಂಪ್, ಲೋಹ ಮುಟ್ಟಿದಾಗ 40. 2020ರ ಪರಿಷ್ಕರಣೆಯಲ್ಲಿ ಇಡೀ ಮೈಯ ಸರಾಸರಿ 30 ನಿಮಿಷಕ್ಕೆ ಹೋಗಿದೆ. ನನಗೆ ಹಳೆಯದೇ ಇರಲಿ.

ಸರಾಸರಿ ತೆಗೆಯುವಾಗ ತಪ್ಪುವವರು ಬಹಳ. ಮಷೀನ್ 15 ಸೆಕೆಂಡಿಗೊಮ್ಮೆ 3 ಸೆಕೆಂಡ್ ಆನ್, ಆಗ 120 ವೋಲ್ಟ್ ಅಂದುಕೊಳ್ಳಿ. ಐದರಲ್ಲಿ ಒಂದು ಪಾಲು, ಅಂದರೆ 24 ವೋಲ್ಟ್ ಅಂತ ಬರೆದರೆ ತಪ್ಪು. ವರ್ಗ ಮಾಡಿ ಸರಾಸರಿ ತೆಗೆದು, ಮತ್ತೆ ವರ್ಗಮೂಲ ತೆಗೆಯಬೇಕು. ಆಗ ಬರುವುದು ಸುಮಾರು 54. ಮಿತಿಗೆ ಹತ್ತಿರ! ಆರ್ಡರ್ ಜಾಸ್ತಿಯಾಗಿ 10 ಸೆಕೆಂಡಿಗೊಮ್ಮೆ ಒತ್ತಿದರೆ 66, ಮಿತಿ ದಾಟಿತು. ಹಾಗಾಗಿ ಪ್ರೊಡಕ್ಷನ್ ಟಾರ್ಗೆಟ್ ಏರಿಸುವ ಮೀಟಿಂಗಿಗೆ ನನ್ನನ್ನೂ ಕರೆಯಿರಿ ಅಂತ ಹೇಳಿದ್ದೇನೆ. ಒಮ್ಮೊಮ್ಮೆ ಕರೆಯುತ್ತಾರೆ.

ಪೇಸ್‌ಮೇಕರ್ ಇರುವವರನ್ನು, ಮೈಯೊಳಗೆ ರಾಡು, ಪ್ಲೇಟು ಹಾಕಿಸಿಕೊಂಡವರನ್ನು ಈ ಮಷೀನಿಗೆ ಕೂರಿಸಬೇಡಿ. ಬಸುರಿಯರಿಗೆ ಸಾರ್ವಜನಿಕರ ಮಿತಿ, ಅಂದರೆ 28 ವೋಲ್ಟ್. ಅದಕ್ಕಿಂತ ಬೇರೆ ಟೇಬಲ್ ಕೊಡುವುದೇ ಸಲೀಸು, ಆದರೆ ಸಂಬಳ ಕತ್ತರಿಸದೆ. ಕತ್ತರಿಸಿದರೆ ಯಾರೂ ಬಾಯಿ ಬಿಡುವುದಿಲ್ಲ.

ಮಾಲೀಕರನ್ನು ಒಪ್ಪಿಸುವುದು ಹೇಗೆ? 2012ರ ಸೆಪ್ಟೆಂಬರಿನಲ್ಲಿ ನಮ್ಮ ದೇಶ ಮಿತಿಯನ್ನು ಹತ್ತನೇ ಒಂದಕ್ಕೆ ಇಳಿಸಿದ್ದು ಮೊಬೈಲ್ ಟವರಿಗೆ. ಅದನ್ನು ಮಷೀನಿಗೆ ತೋರಿಸಿದರೆ ಒಪ್ಪುವುದಿಲ್ಲ. ನನಗೆ ಕೈಕೊಡದೇ ಇದ್ದದ್ದು ಯುರೋಪಿನ 2013/35 ನಿರ್ದೇಶನ. ಅಲ್ಲಿ ಕೆಲಸದ ಜಾಗದ ಸೋರಿಕೆ ಅಂದಾಜು ಮಾಡುವುದು, ಕಾರ್ಮಿಕರಿಗೆ ತಿಳಿಸಿಹೇಳುವುದು ಮಾಲೀಕರ ಹೊಣೆ. ನಮ್ಮ ಫೋಲ್ಡರ್ ಹೋಗುವುದು ಅಲ್ಲಿಗೇ. 'ಬೈಯರ್ ಆಡಿಟ್‌ನಲ್ಲಿ ಕೇಳಿದರೆ?' ಅಂದೆ. ತಾಮ್ರದ ಪಟ್ಟಿ ಮಾರನೇ ದಿನ ಬಂತು.

ಆ ಟ್ಯೂಬ್‌ಲೈಟ್ ಈಗ ಮೇಂಟೆನೆನ್ಸ್ ಬೆಂಚಿನ ಮೇಲೆ ನೇತಾಡುತ್ತಿದೆ. ಸೋಮವಾರ ಬೆಳಗ್ಗೆ ಅದನ್ನು ಹಿಡಿದು ಎಂಟೂ ಮಷೀನ್ ಸುತ್ತುವುದು ಆ ಅಕ್ಕನ ಕೆಲಸ. ಟವರಿನ ಅರ್ಜಿಗೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.