ಒಸಿಡಿ ಇರುವವರ ಕಲಿಕೆ, ಇಇಜಿ ಮತ್ತು ನನ್ನ ಡೆಡ್‌ಲೈನ್

ಒಸಿಡಿ (ಗೀಳಿನ ಕಾಯಿಲೆ) ಇರುವವರು, ಬಟನ್ ಒತ್ತಿ ಸರಿ-ತಪ್ಪಿನ ಫೀಡ್‌ಬ್ಯಾಕ್‌ನಿಂದ ಕಲಿಯುವ ಟಾಸ್ಕ್ ಮಾಡುವಾಗ ಇಆರ್‌ಎನ್ ನೋಡಬೇಕು ಅಂತ ಹೊರಟಿದ್ದೆ. ಇಆರ್‌ಎನ್ ಅಂದರೆ ತಪ್ಪು ಮಾಡಿದ ಕ್ಷಣ ಮೆದುಳಲ್ಲಿ ಏಳುವ ಅಲೆ; ತಲೆಗೆ ಎಲೆಕ್ಟ್ರೋಡ್ ಹಾಕಿ ಇಇಜಿಯಲ್ಲಿ ಅಳೆಯುತ್ತೇವೆ. "ಕಲಿಕೆ ಟಾಸ್ಕ್‌ನಲ್ಲಿ ಇಆರ್‌ಎನ್ ವ್ಯತ್ಯಾಸ ಸಿಗಲ್ಲ, ಸುಮ್ನೆ ಫ್ಲ್ಯಾಂಕರ್ ಮಾಡಿ ಮುಗಿಸಿ" ಅಂತ ಲ್ಯಾಬಿನವರೆಲ್ಲ ಹೇಳಿದ್ದರು. ಫ್ಲ್ಯಾಂಕರ್ ಅಂದರೆ ಅಕ್ಕಪಕ್ಕದ ಗುರುತುಗಳನ್ನು ಕಡೆಗಣಿಸಿ ನಡುವಿನದಕ್ಕೆ ಬಟನ್ ಒತ್ತುವ ಟಾಸ್ಕ್, ಅದರಲ್ಲಿ ಕಲಿಯೋದೇನಿಲ್ಲ. ಅದರಲ್ಲೂ ಹುರುಳಿತ್ತು. 2000ದಲ್ಲಿ ಗೆಹ್ರಿಂಗ್ ತಂಡ ಒಸಿಡಿಯಲ್ಲಿ ಈ ಅಲೆ ದೊಡ್ಡದೆಂದು ತೋರಿಸಿದ್ದು ಸ್ಟ್ರೂಪ್‌ನಲ್ಲಿ, ಅಂದರೆ ಪದ ಓದದೆ ಅದರ ಅಕ್ಷರಗಳ ಬಣ್ಣ ಗುರುತಿಸುವ ಟಾಸ್ಕಿನಲ್ಲಿ. 2005ರಲ್ಲಿ ನ್ಯೂವೆನ್‌ಹೌಸ್ ತಂಡ ಕಲಿಕೆ ಟಾಸ್ಕ್ ಕೊಟ್ಟಾಗ ವ್ಯತ್ಯಾಸ ಕಾಣಲಿಲ್ಲ.

ಮೊದಲ ಪೆಟ್ಟು ಎಲೆಕ್ಟ್ರೋಡ್‌ಗೆ ಹಾಕುವ ಜೆಲ್‌ನಿಂದ. ಕೊಳೆಯ ಭಯ ಇರುವವರು ತಲೆಗೆ ಜೆಲ್ ಹಾಕಿಸಿಕೊಳ್ತಾರಾ? ಅರ್ಧ ಜನ ಎದ್ದು ಹೋದರು. ಉಳಿದವರು ಆಮೇಲೆ ತಲೆ ತೊಳೆಯಲು ಕೂತರೆ ಏಳುತ್ತಲೇ ಇರಲಿಲ್ಲ. ಉಪ್ಪುನೀರಿನ ಸ್ಪಂಜಿನ ಕ್ಯಾಪ್ ತರಿಸಿದೆ. ಒಂದೂವರೆ ಲಕ್ಷದ ಹತ್ತಿರ ಹೋಯಿತು, ಪ್ರಾಜೆಕ್ಟ್ ದುಡ್ಡಿನಲ್ಲಿ ಕಾಲು ಭಾಗ. ಮುಕ್ಕಾಲು ಗಂಟೆಗೆ ಸ್ಪಂಜು ಒಣಗುತ್ತೆ, ಅಷ್ಟರಲ್ಲಿ ಮುಗಿಸಬೇಕು. ಇನ್ನೊಂದು ಮಾತು: "ತಲೆ ಚೆನ್ನಾಗಿ ತೊಳೆದು ಬನ್ನಿ" ಅಂತ ಇವರಿಗೆ ಹೇಳಲೇಬಾರದು. "ಎಣ್ಣೆ ಹಚ್ಚಬೇಡಿ" ಅಂದರೆ ಸಾಕು.

ಎರಡನೇ ಪೆಟ್ಟು ಇನ್ನೂ ಜೋರು. ಇವರು ತಪ್ಪೇ ಮಾಡಲ್ಲ! ಯೋಚಿಸಿ, ಮತ್ತೆ ಯೋಚಿಸಿ ಬಟನ್ ಒತ್ತುತ್ತಾರೆ. ಆರೆಂಟು ತಪ್ಪಾದರೂ ಇಲ್ಲದಿದ್ದರೆ ಸರಾಸರಿ ತೆಗೆಯೋದಾದರೂ ಏನನ್ನು? ಐದರಲ್ಲಿ ಒಂದು ಸಲ ಸುಳ್ಳು ಹೇಳುವ ಫೀಡ್‌ಬ್ಯಾಕನ್ನೂ ಇಟ್ಟು ನೋಡಿದೆ. ಟಾಸ್ಕ್ ಬಿಟ್ಟು ನನ್ನನ್ನೇ ಪ್ರಶ್ನೆ ಕೇಳತೊಡಗಿದರು.

ಕೊನೆಗೆ ಫೀಡ್‌ಬ್ಯಾಕ್ ಪಕ್ಕಾ ಮಾಡಿದೆ, ಪ್ರತಿ ಬ್ಲಾಕಿಗೂ (ಸುತ್ತಿಗೂ) ಹೊಸ ಚಿತ್ರಗಳ ಜೋಡಿ ಕೊಟ್ಟೆ, ಪ್ರತಿಯೊಬ್ಬರಿಗೂ ಅವರವರ ವೇಗಕ್ಕೆ ತಕ್ಕ ಡೆಡ್‌ಲೈನ್ (ಬಟನ್ ಒತ್ತಲು ಸಮಯದ ಮಿತಿ) ಹಾಕಿದೆ. ಆ ಡೆಡ್‌ಲೈನಿನ ಲೆಕ್ಕ ಪೇಪರ್ ಬರುವವರೆಗೆ ನನ್ನ ಹತ್ತಿರವೇ ಇರಲಿ. ಆಮೇಲೆ ಇಡೀ ಬ್ಲಾಕನ್ನು ಒಟ್ಟಿಗೆ ಸರಾಸರಿ ಮಾಡದೆ ಎರಡು ಭಾಗ ಮಾಡಿದೆ. ಶುರುವಿನಲ್ಲಿ ತಪ್ಪು ಅಂತ ಅವರಿಗೇ ಗೊತ್ತಿರಲ್ಲ, ಮೆದುಳು ಎಚ್ಚೆತ್ತುಕೊಳ್ಳೋದು ಫೀಡ್‌ಬ್ಯಾಕ್ ಬಂದ ಮೇಲೆ. ಕಲಿತಂತೆಲ್ಲ ಆ ಅಲೆ ಬಟನ್ ಒತ್ತಿದ ಕ್ಷಣಕ್ಕೆ ಸರಿಯುತ್ತೆ. ಎರಡನೇ ಭಾಗದಲ್ಲಿ, ಎಫ್‌ಸಿಝಡ್‌ನಲ್ಲಿ (ನೆತ್ತಿಗೆ ಸ್ವಲ್ಪ ಮುಂದಿನ ಎಲೆಕ್ಟ್ರೋಡ್), ತಪ್ಪು ಬಟನ್ ಒತ್ತಿದ 100 ಮಿಲಿಸೆಕೆಂಡಿನೊಳಗೆ ಚೂಪಾದ ಇಳಿತ ಬಂತು. ಹೋಲಿಕೆಯ ಗುಂಪಿಗಿಂತ ಎದ್ದು ಕಾಣುವಷ್ಟು ದೊಡ್ಡದು. ಫ್ಲ್ಯಾಂಕರ್ ಅಂದಿದ್ದವರೇ ಈಗ ಸ್ಕ್ರಿಪ್ಟ್ ಕೇಳ್ತಿದ್ದಾರೆ.

ಸುಮ್ನೆ ಕುತೂಹಲಕ್ಕೆ ಒಂದು "ಮತ್ತೆ ನೋಡು" ಬಟನ್ ಕೂಡ ಇಟ್ಟಿದ್ದೆ, ಅಂಕಕ್ಕೆ ಸಂಬಂಧವೇ ಇಲ್ಲದ್ದು. ಸರಿ ಉತ್ತರ ಕೊಟ್ಟ ಮೇಲೂ ಕೆಲವರು ಅದನ್ನು ಒತ್ತುತ್ತಲೇ ಇದ್ದರು. ಆ ಒತ್ತುಗಳಿಗೂ ಟ್ರಿಗರ್ (ಇಇಜಿಯಲ್ಲಿ ಆ ಕ್ಷಣದ ಗುರುತು) ಹಾಕಿಟ್ಟಿದ್ದೇನೆ, ಡೇಟಾ ಇನ್ನೂ ಬಿಚ್ಚಿಲ್ಲ.