ಆಭಾ ಸಂಖ್ಯೆ: ಪಡೆಯುವುದು ಸುಲಭ, ಕೆಲಸ ಇರುವುದು ಆಮೇಲೆ

ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಅರ್ಧ ಗಂಟೆ ಕುಳಿತವರಿಗೆ ಈ ನೋಟ ಹೊಸದಲ್ಲ. ಬಟ್ಟೆ ಅಂಗಡಿಯ ಹಳೇ ಚೀಲದಿಂದ ಔಷಧದ ಚೀಟಿ, ಎಕ್ಸ್‌ರೇ, ರಕ್ತಪರೀಕ್ಷೆಯ ವರದಿಗಳೆಲ್ಲ ವೈದ್ಯರ ಮೇಜಿನ ಮೇಲೆ ಬೀಳುತ್ತವೆ. ಬೇಕಾದ ಒಂದು ಕಾಗದ ಮಾತ್ರ ಸಿಗುವುದಿಲ್ಲ. ಇಸಿಜಿ ಸಿಕ್ಕಿದರೂ, ಅದು ಶಾಖಕ್ಕೆ ಮೂಡುವ ಕಾಗದದ ಮೇಲಿನದಾಗಿದ್ದರೆ, ಗೆರೆಗಳು ಮಾಸಿ ಬಿಳಿಚಿಕೊಂಡಿರುತ್ತವೆ. ಈ ಚೀಲದ ಕೆಲಸವನ್ನು ಮೊಬೈಲಿಗೆ ವಹಿಸುವ ಉದ್ದೇಶದಿಂದ 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದದ್ದು ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್. ಅದರಲ್ಲಿ ನಮ್ಮನ್ನು ಗುರುತಿಸುವ 14 ಅಂಕಿಗಳ ಸಂಖ್ಯೆಯೇ ಆಭಾ.

ಒಂದು ಗೊಂದಲವನ್ನು ಮೊದಲೇ ನಿವಾರಿಸಿಕೊಳ್ಳಬೇಕು. ಆಭಾ ಕಾರ್ಡ್ ತೋರಿಸಿದರೆ ಚಿಕಿತ್ಸೆ ಉಚಿತವಾಗುವುದಿಲ್ಲ. ಅರ್ಹ ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುವುದು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ. ಅದರ ಕಾರ್ಡೇ ಬೇರೆ. ಹೆಸರುಗಳನ್ನು ಇಷ್ಟು ಹತ್ತಿರ ಹತ್ತಿರ ಇಟ್ಟವರನ್ನು ದೂರಬೇಕೇ ಹೊರತು ಗೊಂದಲಕ್ಕೀಡಾದವರನ್ನಲ್ಲ.

ಸಂಖ್ಯೆ ಪಡೆಯುವುದು ಐದು ನಿಮಿಷದ ಕೆಲಸ. ಆಭಾ ಆ್ಯಪ್ ಅಥವಾ ಅಧಿಕೃತ ಜಾಲತಾಣದಲ್ಲಿ ಆಧಾರ್ ಸಂಖ್ಯೆ ನಮೂದಿಸಿ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಬರುವ ಒಟಿಪಿ ಕೊಟ್ಟರೆ ಸಾಕು. ಜೊತೆಗೆ, ಇಮೇಲ್ ವಿಳಾಸವನ್ನು ಹೋಲುವ ಆಭಾ ವಿಳಾಸವೊಂದನ್ನು ಆರಿಸಿಕೊಳ್ಳಬೇಕು. ನೆನಪಿನಲ್ಲಿ ಉಳಿಯುವಂಥದ್ದನ್ನೇ ಆರಿಸಿ. ನೋಂದಣಿಗೆ ಶುಲ್ಕವಿಲ್ಲ, ಕಡ್ಡಾಯವೂ ಇಲ್ಲ.

ವ್ಯವಸ್ಥೆಗೆ ಸೇರಿರುವ ಆಸ್ಪತ್ರೆಗೆ ಹೋದಾಗ, ನೋಂದಣಿ ಕೌಂಟರಿನ ಬಳಿ ಅಂಟಿಸಿದ ಕ್ಯೂಆರ್ ಕೋಡನ್ನು ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸಗಳು ಅಲ್ಲಿನ ಕಂಪ್ಯೂಟರಿಗೆ ತಲುಪಿ, ಟೋಕನ್ ಸಂಖ್ಯೆ ಮೊಬೈಲಿಗೇ ಬರುತ್ತದೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಸಂಖ್ಯೆ ಇದ್ದ ಮಾತ್ರಕ್ಕೆ ದಾಖಲೆಗಳು ತಾವಾಗಿ ಬಂದು ಸೇರುವುದಿಲ್ಲ, ಏಕೆಂದರೆ ಅವೆಲ್ಲ ದೆಹಲಿಯ ಯಾವುದೋ ಒಂದು ಉಗ್ರಾಣದಲ್ಲಿಲ್ಲ. ಪ್ರತಿ ವರದಿಯೂ ಅದನ್ನು ಸಿದ್ಧಪಡಿಸಿದ ಆಸ್ಪತ್ರೆ ಅಥವಾ ಲ್ಯಾಬಿನಲ್ಲೇ ಉಳಿದಿರುತ್ತದೆ. ಆದ್ದರಿಂದ ಆ್ಯಪ್‌ನಲ್ಲಿ ಆ ಆಸ್ಪತ್ರೆಯ ಹೆಸರು ಹುಡುಕಿ, ಅಲ್ಲಿ ಕೊಟ್ಟಿದ್ದ ಮೊಬೈಲ್ ಸಂಖ್ಯೆಯಿಂದ ಗುರುತು ದೃಢಪಡಿಸಿ, ದಾಖಲೆಯನ್ನು ಜೋಡಿಸಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಮಗನ ನಂಬರು ಬರೆಸಿ, ಆ್ಯಪ್‌ನಲ್ಲಿ ತಮ್ಮ ನಂಬರು ಹಾಕುವ ಹಿರಿಯರು ಸಿಕ್ಕಿಬೀಳುವುದು ಇಲ್ಲಿಯೇ. ಹಳೆಯ ಕಾಗದಗಳ ಫೋಟೊ ತೆಗೆದು ನಾವೇ ಸೇರಿಸಿಕೊಳ್ಳಬಹುದು. ಮಾಸುವ ಇಸಿಜಿಯ ಸರದಿ ಮೊದಲಿರಲಿ.

ಕೊನೆಯದು ಸಮ್ಮತಿ, ನನ್ನ ಮಟ್ಟಿಗೆ ಇದೇ ಮುಖ್ಯ. ಹೊಸ ವೈದ್ಯರು ಹಳೆಯ ದಾಖಲೆ ನೋಡಬೇಕೆಂದರೆ ಕೋರಿಕೆಯೊಂದು ಮೊಬೈಲಿಗೆ ಬರುತ್ತದೆ. ಯಾವ ಉದ್ದೇಶಕ್ಕೆ, ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗಿನದು, ಅನುಮತಿ ಎಂದು ಮುಗಿಯುತ್ತದೆ ಎಂಬ ವಿವರಗಳೆಲ್ಲ ಅದರಲ್ಲಿರುತ್ತವೆ. ಮಂಡಿನೋವಿಗೆ ಹೋದವರು ಹತ್ತು ವರ್ಷಗಳ ಹಿಂದಿನ ಮನೋರೋಗ ಚಿಕಿತ್ಸೆಯ ಕಡತವನ್ನು ತೆರೆದಿಡಬೇಕಾಗಿಲ್ಲ. ಕೌಂಟರಿನವರು ‘ಓಕೆ ಒತ್ತಿ, ಓಕೆ ಒತ್ತಿ’ ಎಂದು ಅವಸರಿಸಿದರೂ ಒಮ್ಮೆ ಓದಿ, ಬೇಡವೆನಿಸಿದರೆ ತಿರಸ್ಕರಿಸಿ. ಆಗಲೇ ಕೊಟ್ಟಿದ್ದರೆ ಆ್ಯಪ್‌ನ ಸಮ್ಮತಿ ವಿಭಾಗಕ್ಕೆ ಹೋಗಿ ಅವಧಿಗೆ ಮೊದಲೇ ಹಿಂತೆಗೆದುಕೊಳ್ಳಿ.