ಈಮ್ಯಾಕ್ಸ್‌ನಲ್ಲಿ ಎಸ್‌ಕ್ಯೂಎಲ್ ಕ್ವೆರಿ: ನಾನು ಹದಗೊಳಿಸಿಕೊಂಡ ಬಗೆ

ಕ್ವೆರಿ, ಅಂದರೆ ಡೇಟಾಬೇಸಿಗೆ ಎಸ್‌ಕ್ಯೂಎಲ್ ಭಾಷೆಯಲ್ಲಿ ಕೇಳುವ ಪ್ರಶ್ನೆಯೂ ಒಂದು ಬರವಣಿಗೆಯೇ ಎಂದು ನಂಬಿದವನು ನಾನು. ಅದು ಕಡತದಲ್ಲಿ ಉಳಿಯಬೇಕು, ಬದಲಾವಣೆಗಳ ಇತಿಹಾಸ ಉಳಿಸುವ ಗಿಟ್‌ಗೆ ಸೇರಬೇಕು, ಏಕೆ ಬರೆದೆ ಎಂಬ ಟಿಪ್ಪಣಿ ಅದರ ಮೇಲೆಯೇ ಇರಬೇಕು. ಆದ್ದರಿಂದ ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸವನ್ನೆಲ್ಲ ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲೇ ಮಾಡುತ್ತೇನೆ. ಅದರ ಜೊತೆಗೇ ಬರುವ ಎಸ್‌ಕ್ಯೂಎಲ್ ಮೋಡ್ ಹೆಚ್ಚೇನೂ ಮಾಡುವುದಿಲ್ಲ. ಪೋಸ್ಟ್‌ಗ್ರೆಸ್‌ಗೆ ಆದೇಶ ಕಳುಹಿಸುವ ಪಿಎಸ್‌ಕ್ಯೂಎಲ್ ಪ್ರೋಗ್ರಾಮನ್ನು ಒಳಗೊಳಗೇ ಓಡಿಸಿ, ನಾವು ಬರೆದದ್ದನ್ನು ಅದಕ್ಕೆ ಕಳುಹಿಸಿ, ಬಂದ ಉತ್ತರವನ್ನು ಇನ್ನೊಂದು ಬಫರ್‌ನಲ್ಲಿ (ಈಮ್ಯಾಕ್ಸ್ ಪಠ್ಯವನ್ನು ತೆರೆದಿಡುವ ಜಾಗ) ತೋರಿಸುತ್ತದೆ. ಈ ಸರಳತೆ ನನಗೆ ಇಷ್ಟ. ಹಾಗಾಗಿ ಅದನ್ನು ಬದಲಿಸಲು ಹೋಗದೆ, ತೊಡಕಾಗುತ್ತಿದ್ದ ಕಡೆ ಮಾತ್ರ ಕೈ ಹಾಕಿದೆ.

ಮೊದಲ ತೊಡಕು ಪ್ರಾಂಪ್ಟಿನದು, ಅಂದರೆ ಆದೇಶಕ್ಕೆ ಕಾಯುತ್ತಿದ್ದೇನೆಂದು ಪ್ರೋಗ್ರಾಂ ತೋರಿಸುವ ಗುರುತಿನದು. ಪಿಎಸ್‌ಕ್ಯೂಎಲ್ ಸಾಮಾನ್ಯವಾಗಿ ಡೇಟಾಬೇಸಿನ ಹೆಸರು, ಸಮಚಿಹ್ನೆ, ನಂತರ ಒಂದು ಹ್ಯಾಶ್ ಅಥವಾ ಬಾಣವನ್ನು ತೋರಿಸುತ್ತದೆ. ಟ್ರಾನ್ಸಾಕ್ಷನ್ (ಒಟ್ಟಾಗಿ ಉಳಿಯುವ ಇಲ್ಲವೇ ಒಟ್ಟಾಗಿ ರದ್ದಾಗುವ ಆದೇಶಗಳ ಗುಂಪು) ಒಳಗಿದ್ದರೆ ನಡುವೆ ನಕ್ಷತ್ರ ಬರುತ್ತದೆ, ಅದು ಕೆಟ್ಟಿದ್ದರೆ ಆಶ್ಚರ್ಯಸೂಚಕ. ಕ್ವೆರಿ ಮುಗಿಯದೆ ಮುಂದಿನ ಸಾಲಿಗೆ ಹೋದರೆ ಸಮಚಿಹ್ನೆಯ ಜಾಗದಲ್ಲಿ ಅಡ್ಡಗೆರೆ, ಕಂಸ ಮುಚ್ಚಿರದಿದ್ದರೆ ಕಂಸ. ಈಮ್ಯಾಕ್ಸ್ ಇವನ್ನೆಲ್ಲ ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ (ಪಠ್ಯದ ಮಾದರಿಯನ್ನು ಬಣ್ಣಿಸುವ ಸೂತ್ರ) ಗುರುತಿಸುತ್ತದೆ. ನನ್ನ ಡೇಟಾಬೇಸಿನ ಹೆಸರಿನಲ್ಲೇ ಅಡ್ಡಗೆರೆ ಇದೆ, ಅಪ್‌ಡೇಟ್ ಬರೆಯುವಾಗ ಮೊದಲು ಬಿಗಿನ್ ಹಾಕಿ ಟ್ರಾನ್ಸಾಕ್ಷನ್ ಆರಂಭಿಸುವುದು ನನ್ನ ರೂಢಿ. ನನ್ನಲ್ಲಿದ್ದ ಆವೃತ್ತಿಗೆ ಇವೆರಡೂ ಗುರುತು ಸಿಗುತ್ತಿರಲಿಲ್ಲ. ಎಂಟು ಸಾಲಿನ ಕ್ವೆರಿ ಕಳುಹಿಸಿದರೆ ಮುಂದುವರಿಕೆಯ ಪ್ರಾಂಪ್ಟ್‌ಗಳೆಲ್ಲ ಒಂದರ ಹಿಂದೊಂದು ಸೇರಿ, ಟೇಬಲ್ಲಿನ ತಲೆಸಾಲನ್ನು ಬಲಕ್ಕೆ ತಳ್ಳಿಬಿಡುತ್ತಿದ್ದವು. ಯಾವ ಕಾಲಂ ಮೇಲೆ ಯಾವ ಹೆಸರು ಎಂದು ಕಣ್ಣು ಹುಡುಕಬೇಕಾಗುತ್ತಿತ್ತು. ಎಸ್‌ಕ್ಯೂಎಲ್ ಮೋಡ್‌ನಲ್ಲಿ ಪ್ರತಿ ಡೇಟಾಬೇಸ್ ಬಗೆಗೂ ಪ್ರಾಂಪ್ಟಿನ ಮಾದರಿಯನ್ನು ಬದಲಿಸಲು ಒಂದು ಫಂಕ್ಷನ್ ಇದೆ. ಅದರಿಂದ ಹೊಸ ಮಾದರಿ ಕೊಟ್ಟೆ. ಉತ್ತರ ಬಫರ್‌ಗೆ ಇಳಿಯುವ ಮುನ್ನವೇ ಮುಂದುವರಿಕೆಯ ಪ್ರಾಂಪ್ಟ್‌ಗಳನ್ನು ತೆಗೆದು, ತಲೆಸಾಲಿನ ಮುಂದೆ ಒಂದು ಹೊಸ ಸಾಲು ಸೇರಿಸುವ ಪುಟ್ಟ ಫಿಲ್ಟರ್ ಬರೆದೆ.

ಕಾಲಂ ಹೆಸರು ತಾನಾಗಿ ಪೂರ್ತಿಯಾಗುವಂತೆ ಮಾಡುವುದು ಇದಕ್ಕಿಂತ ಸ್ವಾರಸ್ಯದ ಕೆಲಸ. ಟೇಬಲ್ ಮತ್ತು ಕಾಲಂಗಳ ಹೆಸರುಗಳು ಡೇಟಾಬೇಸಿನ ರಚನೆಯ ವಿವರವಿರುವ ಇನ್ಫರ್ಮೇಶನ್ ಸ್ಕೀಮಾದಲ್ಲಿ ಸಿಗುತ್ತವೆ. ಅವನ್ನು ತಂದು ಬೇಗ ಹುಡುಕಲು ನೆರವಾಗುವ ಹ್ಯಾಶ್ ಟೇಬಲ್ಲಿನಲ್ಲಿಟ್ಟು, ಈಮ್ಯಾಕ್ಸ್‌ನ ಕಂಪ್ಲೀಶನ್ ವ್ಯವಸ್ಥೆಗೆ ಒಪ್ಪಿಸಿದರಾಯಿತು. ಆದರೆ ನಾನು ಕೆಲಸ ಮಾಡುತ್ತಿರುವ ಸೆಷನ್‌ನಲ್ಲೇ ಈ ಹೆಸರುಗಳನ್ನು ಕೇಳಬಾರದು. ಟ್ರಾನ್ಸಾಕ್ಷನ್ ಕೆಟ್ಟಿದ್ದಾಗ ಪೋಸ್ಟ್‌ಗ್ರೆಸ್ ರೋಲ್‌ಬ್ಯಾಕ್ ಆಗುವವರೆಗೆ, ಅಂದರೆ ಅದನ್ನು ರದ್ದು ಮಾಡುವವರೆಗೆ, ಯಾವ ಕ್ವೆರಿಗೂ ಉತ್ತರಿಸುವುದಿಲ್ಲ. ಕ್ವೆರಿಯನ್ನು ತಿದ್ದಬೇಕಾದ, ಹೆಸರು ಬೇಕೇಬೇಕಾದ ಗಳಿಗೆಯೂ ಅದೇ. ಅದಕ್ಕೆ ಪ್ರತ್ಯೇಕ ಪಿಎಸ್‌ಕ್ಯೂಎಲ್ ಒಂದನ್ನು ಹಿನ್ನೆಲೆಯಲ್ಲಿ ಓಡಿಸಿ ಹೆಸರುಗಳನ್ನು ತರಿಸುತ್ತೇನೆ. ಅದು ಮುಗಿಯುವವರೆಗೆ ಟೈಪಿಂಗ್ ನಿಲ್ಲುವುದಿಲ್ಲ. ಕ್ವೆರಿಯಲ್ಲಿ ಟೇಬಲ್ಲಿಗೆ ಕೊಟ್ಟ ‘ತಾ’ ಎಂಬ ಅಡ್ಡಹೆಸರಿನ ಮುಂದೆ ಚುಕ್ಕೆ ಇಟ್ಟರೆ, ಕರ್ಸರ್ ಇರುವ ಕ್ವೆರಿಯಲ್ಲಿ ಟೇಬಲ್ಲುಗಳನ್ನು ಹೆಸರಿಸುವ ಫ್ರಮ್ ಮತ್ತು ಜಾಯಿನ್ ಭಾಗಗಳಲ್ಲಿ ‘ತಾ’ ಯಾವ ಟೇಬಲ್ಲೆಂದು ಹುಡುಕಿ ಅದರ ಕಾಲಂಗಳನ್ನಷ್ಟೇ ಮುಂದಿಡುತ್ತದೆ.

ಕನ್ನಡ ತುಂಬಿದ ಟೇಬಲ್ಲುಗಳ ಮಾತೇ ಬೇರೆ. ತಾಲ್ಲೂಕುಗಳ ಹೆಸರಿರುವ ಕಾಲಂ ತರಿಸಿದರೆ ನಡುವಿನ ಗೆರೆಗಳು ಒಂದರ ಕೆಳಗೊಂದು ಕೂರುತ್ತಲೇ ಇರಲಿಲ್ಲ. ‘ಶ್ರೀರಂಗಪಟ್ಟಣ’ದಲ್ಲಿ ಯೂನಿಕೋಡ್ ಸಂಕೇತಗಳು 12, ಕಣ್ಣಿಗೆ ಕಾಣುವ ಅಕ್ಷರಗಳು 6. ಆ ಆರರ ಅಗಲವೂ ಒಂದೇ ಅಲ್ಲ: ‘ಶ್ರೀ’ ಹಿಡಿಯುವ ಜಾಗ ‘ಗ’ಕ್ಕೆ ಬೇಡ. ಪಿಎಸ್‌ಕ್ಯೂಎಲ್ ಪ್ರತಿ ಅಕ್ಷರವೂ ಸಮಾನ ಅಗಲದ ಮನೆಗಳಲ್ಲಿ ಕೂರುತ್ತದೆಂದು ಭಾವಿಸಿ ಖಾಲಿ ಜಾಗ ತುಂಬುತ್ತದೆ. ನಮ್ಮ ಲಿಪಿ ಆ ಲೆಕ್ಕಕ್ಕೆ ಬಗ್ಗುವುದಿಲ್ಲ. ಖಾಲಿ ಜಾಗವನ್ನು ಎಷ್ಟು ಹೆಚ್ಚುಕಡಿಮೆ ಮಾಡಿದರೂ ಇದು ಸರಿಹೋಗದು, ಫಾಂಟ್ ಬದಲಿಸಿದರೂ ಅಷ್ಟೇ.

ಪರಿಹಾರ ಸಿಕ್ಕಿದ್ದು 2023ರಲ್ಲಿ ಬಂದ ಈಮ್ಯಾಕ್ಸ್ 29ರ ವಿ-ಟೇಬಲ್ ಎಂಬ ಕೋಷ್ಟಕ ತೋರಿಸುವ ಸೌಲಭ್ಯದಲ್ಲಿ. ಅದು ಅಕ್ಷರಗಳನ್ನು ಎಣಿಸುವುದಿಲ್ಲ, ಪರದೆಯ ಮೇಲೆ ಪದ ಎಷ್ಟು ಪಿಕ್ಸೆಲ್ ಅಗಲವಿದೆ ಎಂದು ಅಳೆಯುತ್ತದೆ. ಪಿಎಸ್‌ಕ್ಯೂಎಲ್ 12ನೇ ಆವೃತ್ತಿಯಿಂದ ಉತ್ತರವನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ರೂಪದಲ್ಲೂ ಕೊಡುತ್ತದೆ. ಹಾಗೆ ತರಿಸಿ, ಉದ್ಧರಣ ಚಿಹ್ನೆಗಳೊಳಗಿನ ಅಲ್ಪವಿರಾಮವನ್ನೂ ಸಾಲು ಮುರಿತವನ್ನೂ ಜೋಪಾನವಾಗಿ ಓದಿ, ವಿ-ಟೇಬಲ್‌ಗೆ ಕೊಟ್ಟೆ. ಶ್ರೀರಂಗಪಟ್ಟಣ, ಹಾಸನ, ಮದ್ದೂರು ಒಂದರ ಕೆಳಗೊಂದು ಬಂದರೂ ಪಕ್ಕದ ಕಾಲಂ ನೇರವಾಗಿ ನಿಂತಿದ್ದನ್ನು ಕಂಡು ಆದ ಸಂತೋಷ ಸಣ್ಣದಲ್ಲ. ಇಲ್ಲಿ ಒಂದು ಎಚ್ಚರಿಕೆ ಬೇಕು: ಸಿಎಸ್‌ವಿಯಲ್ಲಿ ನಲ್ (ಮೌಲ್ಯವೇ ಇಲ್ಲ ಎಂಬ ಗುರುತು) ಮತ್ತು ಖಾಲಿ ಪಠ್ಯ ಎರಡೂ ಒಂದೇ ರೀತಿ ಕಾಣುತ್ತವೆ. ನಲ್‌ಗೆ ಬೇರೆ ಗುರುತು ಹಾಕುವಂತೆ ಪಿಎಸ್‌ಕ್ಯೂಎಲ್‌ಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಬಳಕೆದಾರರ ನಿಜವಾದ ದತ್ತಾಂಶವಿರುವ ಡೇಟಾಬೇಸಿಗೆ ಸಂಪರ್ಕಿಸುವಾಗ ಟ್ರಾನ್ಸಾಕ್ಷನ್‌ಗಳು ಓದಲಷ್ಟೇ ತೆರೆಯುವಂತೆ ಪೋಸ್ಟ್‌ಗ್ರೆಸ್‌ನ ಆಯ್ಕೆಯನ್ನು ಎನ್ವಿರಾನ್ಮೆಂಟ್ ವೇರಿಯಬಲ್ (ಪ್ರೋಗ್ರಾಮಿಗೆ ಹೊರಗಿನಿಂದ ಕೊಡುವ ಮೌಲ್ಯ) ಮೂಲಕ ಕಳುಹಿಸುತ್ತೇನೆ, ಆ ಬಫರ್‌ನ ಕೆಳಗಿನ ಸ್ಥಿತಿಪಟ್ಟಿಯಾದ ಮೋಡ್ ಲೈನ್ ಕೆಂಪಾಗಿರುತ್ತದೆ. ಪಾಸ್‌ವರ್ಡ್ ಸಂರಚನಾ ಕಡತದಲ್ಲಿ ಇಲ್ಲ.

‘ವಿತ್’ ಬಳಸಿ ಕ್ವೆರಿಯೊಳಗೇ ಕಟ್ಟಿಕೊಳ್ಳುವ ತಾತ್ಕಾಲಿಕ ಟೇಬಲ್ಲುಗಳ ಕಾಲಂಗಳನ್ನು ನನ್ನ ಕಂಪ್ಲೀಶನ್ ಇನ್ನೂ ಗುರುತಿಸುವುದಿಲ್ಲ. ಒಂದರೊಳಗೊಂದು ಹೆಣೆದ ಕಂಸಗಳನ್ನು ರೆಗ್ಯುಲರ್ ಎಕ್ಸ್‌ಪ್ರೆಶನ್‌ನಿಂದ ಬಿಡಿಸಲು ಹೋಗುವುದು ಸರಿಯಾದ ದಾರಿಯಲ್ಲ. ಈಮ್ಯಾಕ್ಸ್ 29ರಲ್ಲೇ ಸೇರಿರುವ ಟ್ರೀ-ಸಿಟ್ಟರ್ ಬೆಂಬಲದಿಂದ ಕ್ವೆರಿಯ ರಚನೆಯನ್ನೇ ಓದಿಸಿ ಆ ಭಾಗವನ್ನು ಈಗ ಮತ್ತೆ ಬರೆಯುತ್ತಿದ್ದೇನೆ.